ಎಮರ್ಜೆನ್ಸಿಗೆ ಪದೇ ಪದೇ ಬರುವ ರೋಗಿಗಳು, ಅವರ ಜೊತೆ ನಿಲ್ಲುವ ನರ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಎಮರ್ಜೆನ್ಸಿಗೆ ಪದೇ ಪದೇ ಬರುವ ರೋಗಿಗಳ ಜೊತೆ ನಿಂತು ಅವರ ಆರೈಕೆಯನ್ನು ಜೋಡಿಸುವ ಕೆಲಸಕ್ಕೆ ಕೇಸ್ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ. ನಾನು ಈ ಕೆಲಸ ಮಾಡುವ ನರ್ಸ್. ರೋಗಿಗಳು, ಅವರ ಮನೆಯವರು, ಹೊಸದಾಗಿ ಈ ಕೆಲಸಕ್ಕೆ ಬಂದವರು, ಒಮ್ಮೊಮ್ಮೆ ರಾತ್ರಿ ಡ್ಯೂಟಿಯಲ್ಲಿ ಸೋತುಹೋದ ಡಾಕ್ಟರ್‌ಗಳು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ಎಲ್ಲವನ್ನೂ ಓದಬೇಕಾಗಿಲ್ಲ, ಬೇಕಾದ ಕಡೆಗೆ ನೇರವಾಗಿ ಹೋಗಿ.

## ಮೊದಲು ತಿಳಿಯಬೇಕಾದದ್ದು

ಕೇಸ್ ಮ್ಯಾನೇಜ್‌ಮೆಂಟ್ ಅಂದ್ರೆ ಏನು? ಫೈಲ್ ನೋಡ್ಕೊಳ್ಳೋ ಕೆಲಸಾನಾ?

ಫೈಲೂ ಇರುತ್ತದೆ, ಆದರೆ ಕೆಲಸ ಅದಲ್ಲ. ಒಬ್ಬ ರೋಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಮತ್ತೆ ಮತ್ತೆ ಬರುತ್ತಿದ್ದಾರೆ ಅಂದರೆ, ಯಾಕೆ ಬರಬೇಕಾಗುತ್ತಿದೆ ಅಂತ ಕೂತು ಹುಡುಕಲು ಅಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಎದೆನೋವು ಅಂದರೆ ಇಸಿಜಿ, ಉಸಿರಾಟದ ತೊಂದರೆ ಅಂದರೆ ಆಕ್ಸಿಜನ್, ಸರಿಹೋದ ಮೇಲೆ ಮನೆಗೆ. ಮುಂದಿನ ವಾರ ಅದೇ ಮನುಷ್ಯ, ಅದೇ ಮಂಚ. ಕೇಸ್ ಮ್ಯಾನೇಜ್‌ಮೆಂಟ್‌ನಲ್ಲಿ ಒಬ್ಬ ನರ್ಸ್ ಆ ಮನುಷ್ಯನ ಜೊತೆ ತಿಂಗಳುಗಟ್ಟಲೆ ಇರುತ್ತಾರೆ. ಕಾಯಿಲೆ, ಔಷಧಿ, ಮನೆ ಪರಿಸ್ಥಿತಿ, ದುಡ್ಡು, ಒಂಟಿತನ ಎಲ್ಲವನ್ನೂ ನೋಡಿ, ಒಂದು ಕೇರ್ ಪ್ಲಾನ್ (ಆ ರೋಗಿಯ ಆರೈಕೆ ಹೇಗಿರಬೇಕು ಅಂತ ಬರೆದಿಟ್ಟ ಯೋಜನೆ) ಮಾಡಿ, ಬೇರೆ ಬೇರೆ ಡಾಕ್ಟರ್‌ಗಳು ಮತ್ತು ಸಮಾಜ ಕಾರ್ಯಕರ್ತರು ಒಂದೇ ದಿಕ್ಕಿಗೆ ನಡೆಯುವಂತೆ ನೋಡಿಕೊಳ್ಳುತ್ತಾರೆ.

ಎಷ್ಟು ಸಲ ಬಂದ್ರೆ ‘ಪದೇ ಪದೇ’ ಅಂತ ಲೆಕ್ಕ?

ಎಲ್ಲ ಕಡೆಯೂ ಒಂದೇ ಗೆರೆ ಇಲ್ಲ. ಅಧ್ಯಯನಗಳಲ್ಲಿ ಹೆಚ್ಚಾಗಿ ಕಾಣುವುದು 12 ತಿಂಗಳಲ್ಲಿ 4 ಸಲ ಅಥವಾ ಅದಕ್ಕಿಂತ ಜಾಸ್ತಿ. ಕೆಲವರು 5 ಅನ್ನುತ್ತಾರೆ, ತೀರಾ ಜಾಸ್ತಿ ಬರುವವರನ್ನು ಬೇರೆಯಾಗಿ ನೋಡಬೇಕು ಅನ್ನುವವರು 10 ಅಥವಾ 20ಕ್ಕೆ ಗೆರೆ ಎಳೆಯುತ್ತಾರೆ. ಅಮೆರಿಕದ ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2010ರ ಒಂದು ವಿಮರ್ಶೆಯ ಪ್ರಕಾರ ಇಂಥವರು ತುರ್ತು ವಿಭಾಗದ ರೋಗಿಗಳಲ್ಲಿ ಶೇ. 4.5ರಿಂದ 8ರಷ್ಟು ಮಾತ್ರ. ಆದರೆ ಒಟ್ಟು ಭೇಟಿಗಳಲ್ಲಿ ಅವರದ್ದೇ ಶೇ. 21ರಿಂದ 28. ಅಂದರೆ ನಾಲ್ಕು ಭೇಟಿಯಲ್ಲಿ ಹತ್ತಿರ ಹತ್ತಿರ ಒಂದು!

ಇವರೆಲ್ಲ ಸುಮ್ನೆ ಬರ್ತಾರೆ ಅಲ್ವಾ? ಜ್ವರ ನೆಗಡಿಗೆಲ್ಲ?

ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗುವುದಿಲ್ಲ. ಪದೇ ಪದೇ ಬರುವವರಲ್ಲಿ ಬಹಳಷ್ಟು ಜನ ಬೇರೆಯವರಿಗಿಂತ ಜಾಸ್ತಿ ಕಾಯಿಲೆಯವರು. ಹಾರ್ಟ್ ಫೇಲ್ಯೂರ್ (ಹೃದಯ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ), ಶ್ವಾಸಕೋಶದ ಹಳೇ ಕಾಯಿಲೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮಾನಸಿಕ ಕಾಯಿಲೆ, ಕುಡಿತ, ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇರುವವರೂ ಇದ್ದಾರೆ. ಇವರಲ್ಲಿ ಸಾವಿನ ಪ್ರಮಾಣವೂ ಜಾಸ್ತಿ. ಇನ್ನೊಂದು ವಿಷಯ: ಇವರಿಗೆ ಬೇರೆ ಡಾಕ್ಟರೇ ಇಲ್ಲ ಅನ್ನುವುದೂ ಸರಿಯಲ್ಲ. ತುಂಬಾ ಜನ ಕ್ಲಿನಿಕ್‌ಗೂ ಹೋಗುತ್ತಾರೆ, ಸ್ಪೆಷಲಿಸ್ಟ್ ಹತ್ತಿರವೂ ಹೋಗುತ್ತಾರೆ, ಎಮರ್ಜೆನ್ಸಿಗೂ ಬರುತ್ತಾರೆ. ಇಷ್ಟೆಲ್ಲ ಕಡೆ ಹೋದರೂ ಯಾರ ಹತ್ತಿರವೂ ಪೂರ್ತಿ ಚಿತ್ರ ಇರುವುದಿಲ್ಲ. ಅಲ್ಲೇ ಇರುವುದು ಸಮಸ್ಯೆ.

ಡಾಕ್ಟರ್ ಇರುವಾಗ ನರ್ಸ್ ಯಾಕೆ ಮುಂದೆ ನಿಲ್ಲಬೇಕು?

ನರ್ಸ್‌ಗೆ ಕಾಯಿಲೆಯೂ ಗೊತ್ತು, ಮನೆಯ ಮಾತೂ ಗೊತ್ತು. ಕಾಲು ಊದಿದ್ದನ್ನು ಒತ್ತಿ ನೋಡಿ ಇದು ಇವತ್ತೇ ಡಾಕ್ಟರ್‌ಗೆ ಹೇಳಬೇಕಾದದ್ದೋ, ನಾಳೆವರೆಗೆ ಕಾಯಬಹುದೋ ಅಂತ ಅಂದಾಜು ಮಾಡಬಲ್ಲರು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಯಾರು ಉಪ್ಪು ಹಾಕುತ್ತಾರೆ ಅಂತಲೂ ಕೇಳಬಲ್ಲರು. ಇದೇನು ಹೊಸದಲ್ಲ. ಲಿಲಿಯನ್ ವಾಲ್ಡ್ ಅನ್ನುವ ನರ್ಸ್ 1893ರಲ್ಲಿ ನ್ಯೂಯಾರ್ಕ್‌ನ ಬಡವರ ಕೇರಿಯಲ್ಲಿ ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸ ಶುರುಮಾಡಿದರು. ಮುಂದೆ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಅನ್ನುವ ಸೇವಾ ಸಂಸ್ಥೆಯಾಗಿ ಬೆಳೆದದ್ದು ಅದೇ. ರೋಗವನ್ನು ಮನೆಯಿಂದ ಬೇರೆ ಮಾಡಿ ನೋಡಲಾಗದು ಅನ್ನುವ ತಿಳಿವಳಿಕೆ ನಮ್ಮ ವೃತ್ತಿಯಲ್ಲಿ ಅಷ್ಟು ಹಳೆಯದು.

ಡಾಕ್ಟರ್ ಬೇಡ ಅಂತ ಅಲ್ಲ. ರೋಗನಿರ್ಣಯಕ್ಕೆ, ಔಷಧಿ ಬದಲಿಸಲು ಅವರು ಬೇಕೇ ಬೇಕು. ಎಲ್ಲರನ್ನೂ ಜೋಡಿಸುವ ದಾರ ಹಿಡಿದುಕೊಂಡಿರುವುದು ಮಾತ್ರ ನರ್ಸ್.

## ರೋಗಿಗಳು ಮತ್ತು ಮನೆಯವರು ಕೇಳಿದ್ದು

ನನ್ನ ಹೆಸರು ಈ ಪದೇ ಪದೇ ಬರೋರ ಪಟ್ಟಿಗೆ ಸೇರಿದ್ರೆ ಎಮರ್ಜೆನ್ಸಿಯಲ್ಲಿ ವಾಪಸ್ ಕಳಿಸಿಬಿಡ್ತಾರಾ?

ಖಂಡಿತ ಇಲ್ಲ, ಹಾಗೆ ಮಾಡಬಾರದು. ಪ್ರತಿ ಸಲವೂ ನಿಮ್ಮನ್ನು ಹೊಸ ರೋಗಿಯ ಹಾಗೆಯೇ ಪರೀಕ್ಷೆ ಮಾಡಬೇಕು. ಕೇರ್ ಪ್ಲಾನ್ ಇದ್ದರೆ ಅನುಕೂಲ ನಿಮಗೇ. ಹಳೇ ಕಥೆಯನ್ನೆಲ್ಲ ಮತ್ತೆ ಮೊದಲಿಂದ ಹೇಳಬೇಕಾಗಿಲ್ಲ, ಯಾವ ಔಷಧಿ ನಿಮಗೆ ಆಗುವುದಿಲ್ಲ ಅಂತ ಬರೆದಿರುತ್ತದೆ, ಯಾರಿಗೆ ಫೋನ್ ಮಾಡಬೇಕು ಅಂತಲೂ ಇರುತ್ತದೆ. ಎದೆನೋವು, ಉಸಿರು ಸಿಗದಿರುವುದು, ಒಂದು ಕಡೆ ಕೈಕಾಲು ಬಲ ಕಳೆದುಕೊಳ್ಳುವುದು, ಬದುಕೇ ಬೇಡ ಅನ್ನಿಸುವುದು, ಇಂಥದ್ದೇನಾದರೂ ಆದರೆ ಕೇಸ್ ಮ್ಯಾನೇಜರ್ ಫೋನ್ ಎತ್ತಲಿ ಅಂತ ಕಾಯಬೇಡಿ. ನೇರವಾಗಿ ಎಮರ್ಜೆನ್ಸಿಗೆ ಬನ್ನಿ.

ಮೊದಲ ಭೇಟೀಲಿ ಏನೇನು ಕೇಳ್ತಾರೆ? ತುಂಬಾ ಪರ್ಸನಲ್ ಪ್ರಶ್ನೆ ಇರುತ್ತಾ?

ಕೆಲವು ಇರುತ್ತವೆ. ಉತ್ತರ ಕೊಡಲೇಬೇಕು ಅಂತ ಇಲ್ಲ. ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಕೊನೇ ಸಲ ಆಸ್ಪತ್ರೆಗೆ ಹೊರಟ ದಿನ ಬೆಳಿಗ್ಗೆಯಿಂದ ಏನಾಯ್ತು, ಹೇಳಿ.’ ಕಾಯಿಲೆ ಬಗ್ಗೆ ಕೇಳಿದರೆ ಡಾಕ್ಟರ್ ಹೇಳಿದ್ದನ್ನೇ ವಾಪಸ್ ಹೇಳುತ್ತಾರೆ. ಆ ದಿನದ ಬಗ್ಗೆ ಕೇಳಿದರೆ ನಿಜ ಹೊರಗೆ ಬರುತ್ತದೆ.

ಆಮೇಲೆ ಮನೆಯಲ್ಲಿರುವ ಔಷಧಿ ಎಲ್ಲವನ್ನೂ ತರಲು ಹೇಳುತ್ತೇನೆ. ಪಟ್ಟಿ ಬೇಡ, ಔಷಧಿಯೇ ಬೇಕು. ಒಬ್ಬ ಹಿರಿಯರು ಒಂದು ಬಟ್ಟೆ ಚೀಲ ತಂದು ಮೇಜಿನ ಮೇಲೆ ಸುರಿದರು. ಸ್ಟ್ರಿಪ್‌ಗಳನ್ನು ಒಂದೊಂದಾಗಿ ಸಾಲಾಗಿ ಜೋಡಿಸುತ್ತಾ ಹೋದೆವು. ಮೂರು ಬೇರೆ ಬೇರೆ ಹೆಸರಿನ ಮಾತ್ರೆ, ಮೂರು ಬೇರೆ ಡಾಕ್ಟರ್‌ಗಳು ಬರೆದದ್ದು. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರೆ ಮೂರರಲ್ಲೂ ಇದ್ದದ್ದು ಒಂದೇ ಬಿಪಿ ಔಷಧಿ. ಅವರು ತಲೆಸುತ್ತಿ ಬಿದ್ದು ಬರುತ್ತಿದ್ದದ್ದು ಯಾಕೆ ಅಂತ ಆ ಮೇಜಿನ ಮೇಲೆ ಗೊತ್ತಾಯಿತು. ಅವರದ್ದೇನೂ ತಪ್ಪಿಲ್ಲ, ಹೇಳಿದ್ದನ್ನೆಲ್ಲ ನಿಷ್ಠೆಯಿಂದ ನುಂಗಿದ್ದರು. ಡಾಕ್ಟರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ.

ಇನ್ಹೇಲರ್ ಇದ್ದರೆ ನನ್ನ ಮುಂದೆಯೇ ಎಳೆದು ತೋರಿಸಿ ಅನ್ನುತ್ತೇನೆ. ಔಷಧಿ ಗಂಟಲಿಗೆ ಹೋಗುವ ಮೊದಲೇ ಬಾಯಿಯ ಪಕ್ಕದಿಂದ ಹೊಗೆಯ ಹಾಗೆ ಹೊರಗೆ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ವರ್ಷಗಟ್ಟಲೆ ಬಳಸುತ್ತಿದ್ದವರಲ್ಲೂ!

ನಮ್ಮಮ್ಮನಿಗೆ ಹಾರ್ಟ್ ಫೇಲ್ಯೂರ್. ತಿಂಗಳಿಗೊಂದು ಸಲ ಉಸಿರು ಕಟ್ಟಿ ರಾತ್ರೋರಾತ್ರಿ ಓಡ್ತೀವಿ. ಇದ್ರಲ್ಲಿ ನರ್ಸ್ ಏನು ಮಾಡಕ್ಕಾಗುತ್ತೆ?

ತುಂಬಾ ಮಾಡಬಹುದು. ಉಸಿರು ಕಟ್ಟುವುದು ರಾತ್ರಿಯಾದರೂ ಮೈಯಲ್ಲಿ ನೀರು ತುಂಬಲು ಶುರುವಾದದ್ದು ಎಷ್ಟೋ ದಿನ ಮೊದಲು. ಅದನ್ನು ಹಿಡಿಯಲು ಬೇಕಾದ ಯಂತ್ರ ತೂಕದ ಯಂತ್ರ, ಅಷ್ಟೇ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಒಂದೇ ರೀತಿಯ ಬಟ್ಟೆಯಲ್ಲಿ ಅಮ್ಮನನ್ನು ತೂಗಿ ಬರೆದಿಡಿ. ಒಂದು ದಿನದಲ್ಲಿ 1 ಕೆಜಿಗಿಂತ ಜಾಸ್ತಿ, ಅಥವಾ ಒಂದು ವಾರದಲ್ಲಿ 2 ಕೆಜಿಗಿಂತ ಜಾಸ್ತಿ ಏರಿದರೆ ಅವತ್ತೇ ಫೋನ್ ಮಾಡಬೇಕು. ಅಷ್ಟು ಬೇಗ ಏರುವುದು ಕೊಬ್ಬಲ್ಲ, ನೀರು. ನೀರು ಇಳಿಸುವ ಮಾತ್ರೆಯನ್ನು ಅಂಥ ದಿನ ಎಷ್ಟು ಬದಲಿಸಬೇಕು ಅನ್ನುವುದನ್ನು ಡಾಕ್ಟರ್ ಜೊತೆ ಮೊದಲೇ ಮಾತಾಡಿ ಬರೆಸಿಟ್ಟುಕೊಳ್ಳುತ್ತೇವೆ, ನೀವೇ ಬದಲಿಸಬೇಡಿ. ರಾತ್ರಿ ಮಲಗಲು ಒಂದು ದಿಂಬು ಸಾಕಾಗುತ್ತಿದ್ದವರಿಗೆ ಎರಡು ಬೇಕಾಯಿತು ಅಂದರೆ ಅದೂ ಹೇಳಬೇಕಾದ ವಿಷಯವೇ. ಮತ್ತೆ, ನೋವು, ಊತ ಇಳಿಸುವ ಯಾವುದಾದರೂ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡುತ್ತಿದ್ದೀರಾ ಅಂತ ನೋಡಿ. ಐಬುಪ್ರೊಫೆನ್ ಥರದ್ದು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಮಂಡಿನೋವಿಗೆ ಅಂತ ತಂದದ್ದು ಹೃದಯಕ್ಕೆ ಭಾರವಾಗುತ್ತದೆ.

ನಮ್ಮಣ್ಣ ಕುಡೀತಾನೆ. ಅವನಿಗೆ ಇದೆಲ್ಲ ಮಾಡಿ ಏನು ಪ್ರಯೋಜನ ಅಂತ ಎಲ್ರೂ ಕೇಳ್ತಾರೆ.

ನಿಮ್ಮಣ್ಣನಿಗೆ ಇದು ಜಾಸ್ತಿಯೇ ಬೇಕು. ಬುದ್ಧಿ ಹೇಳುವವರು ಅವರ ಸುತ್ತ ಬೇಕಾದಷ್ಟಿದ್ದಾರೆ, ನಾವು ಇನ್ನೊಬ್ಬರಾಗುವುದಿಲ್ಲ. ಅವರಿಗೆ ಏನು ಬದಲಾಗಬೇಕು ಅಂತ ಅವರ ಬಾಯಿಂದಲೇ ಬರುವವರೆಗೆ ಕೇಳುತ್ತಾ ಕೂರುತ್ತೇವೆ. ಒಂದು ಎಚ್ಚರಿಕೆ: ತುಂಬಾ ವರ್ಷ ದಿನಾ ಕುಡಿದವರು ಮನೆಯವರ ಒತ್ತಾಯಕ್ಕೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಬಿಡಿಸುವುದು ವೈದ್ಯಕೀಯ ನಿಗಾದಲ್ಲೇ ಆಗಬೇಕು. ಅವರು ನಾಳೆಯೇ ಬಿಡಲಿ ಅಂತ ನಾವೂ ಗುರಿ ಇಟ್ಟುಕೊಳ್ಳುವುದಿಲ್ಲ. ಈ ವಾರ ಊಟ ಮಾಡಿದರು, ಮಾತ್ರೆ ತಗೊಂಡರು, ನನ್ನ ಫೋನ್ ಎತ್ತಿದರು ಅಂದರೆ ಅದು ಲೆಕ್ಕಕ್ಕೆ ಬರುವ ಮುನ್ನಡೆ.

ನನಗೆ ಬೇಡ ಅಂದ್ರೆ?

ಬೇಡ ಅನ್ನಬಹುದು. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ವಿಷಯವನ್ನು ನಾವು ಊರೆಲ್ಲ ಹಂಚುವ ಹಾಗಿಲ್ಲ. ಎಮರ್ಜೆನ್ಸಿಯಲ್ಲಿ ಸಿಗುವ ಚಿಕಿತ್ಸೆಯೂ ಇದರಿಂದ ಕಡಿಮೆಯಾಗಬಾರದು. ಮೂರು ತಿಂಗಳ ನಂತರ ಮತ್ತೆ ಕೇಳುತ್ತೇನೆ, ಅಷ್ಟೇ. ಮೊದಲು ಬೇಡ ಅಂದವರು ಆಮೇಲೆ ಹೂಂ ಅಂದದ್ದು ಬೇಕಾದಷ್ಟಿದೆ.

## ಈ ಕೆಲಸ ಶುರುಮಾಡುವವರಿಗೆ

ಕೇರ್ ಪ್ಲಾನ್‌ನಲ್ಲಿ ಏನು ಬರೀಬೇಕು? ನಾನು ಬರೆದದ್ದು ಎಂಟು ಪುಟ ಆಯ್ತು.

ಎಂಟು ಪುಟವನ್ನು ರಾತ್ರಿ ಎರಡು ಗಂಟೆಗೆ ಯಾರೂ ಓದುವುದಿಲ್ಲ. ತುರ್ತು ವಿಭಾಗಕ್ಕೆ ಒಂದೇ ಪುಟ ಸಾಕು, ಉಳಿದದ್ದು ನಿಮ್ಮ ಹತ್ತಿರ ಇರಲಿ. ಆ ಒಂದು ಪುಟದಲ್ಲಿ ಇವರು ಸಾಮಾನ್ಯವಾಗಿ ಯಾವ ತೊಂದರೆಗೆ ಬರುತ್ತಾರೆ, ಆಗ ಏನು ಮಾಡಿದರೆ ಸರಿಹೋಗುತ್ತದೆ, ಈಗಾಗಲೇ ಯಾವ ಸ್ಕ್ಯಾನ್ ಆಗಿದೆ, ಇವರ ಮಾಮೂಲಿ ಸ್ಥಿತಿ ಹೇಗಿರುತ್ತದೆ, ಯಾರಿಗೆ ತಿಳಿಸಬೇಕು ಅನ್ನುವುದಿರಲಿ. ಮಾಮೂಲಿ ಸ್ಥಿತಿ ಬರೆಯುವುದನ್ನು ಹೊಸಬರು ಮರೆಯುತ್ತಾರೆ. ಶ್ವಾಸಕೋಶದ ಹಳೇ ಕಾಯಿಲೆಯವರಿಗೆ ರಕ್ತದ ಆಕ್ಸಿಜನ್ ಮಟ್ಟ ಶೇ. 90 ಇರುವುದು ಅವರ ಒಳ್ಳೇ ದಿನವೇ ಇರಬಹುದು. ಗೊತ್ತಿಲ್ಲದವರು ಗಾಬರಿ ಬಿದ್ದು ಬೇಕಾದ್ದಕ್ಕಿಂತ ಜಾಸ್ತಿ ಆಕ್ಸಿಜನ್ ಕೊಟ್ಟರೆ ಅಂಥವರಲ್ಲಿ ಕೆಲವರಿಗೆ ಅದೇ ತೊಂದರೆ.

ರೋಗಿಯ ಎದುರಿಗೇ ಬರೆಯಿರಿ, ಓದಿ ಹೇಳಿ. ಅವರ ಮುಂದೆ ಓದಲಾಗದ ಮಾತು ಆ ಪುಟದಲ್ಲಿ ಇರಲೇಬಾರದು. ‘ನಾಟಕ ಮಾಡುತ್ತಾರೆ’, ‘ಮಾತ್ರೆಗೋಸ್ಕರ ಬರುತ್ತಾರೆ’ ಅಂತ ಒಬ್ಬರು ಬರೆದರೆ ಅದು ಹತ್ತು ವರ್ಷ ಅವರ ಹಿಂದೆ ಹೋಗುತ್ತದೆ. ಸಿಕಲ್ ಸೆಲ್ ಕಾಯಿಲೆಯವರಿಗೆ (ರಕ್ತಕಣಗಳ ಆಕಾರ ಕೆಟ್ಟು ಆಗಾಗ ತೀವ್ರ ನೋವು ತರುವ ಹುಟ್ಟುಕಾಯಿಲೆ) ಇದರಿಂದ ಆಗಿರುವ ಅನ್ಯಾಯ ಸಣ್ಣದಲ್ಲ. ಅವರ ನೋವು ನಿಜ, ಬಲವಾದ ಔಷಧಿ ಬೇಕು, ಬೇಗ ಬೇಕು. ಅದನ್ನು ಪ್ಲಾನ್‌ನಲ್ಲಿ ಡೋಸ್ ಸಮೇತ ಬರೆಸಿಟ್ಟರೆ ಪ್ರತಿ ಸಲ ಬೇಡಿಕೊಳ್ಳುವ ಕಷ್ಟ ತಪ್ಪುತ್ತದೆ.

ಪ್ಲಾನ್ ಇದೆ ಅಂತ ನಂಬಿಕೊಂಡು ನಿಜವಾದ ಹಾರ್ಟ್ ಅಟ್ಯಾಕ್ ಮಿಸ್ ಆದ್ರೆ?

ಇದು ಸರಿಯಾದ ಭಯ. ಇಪ್ಪತ್ತು ಸಲ ಗಾಬರಿಯಿಂದ ಎದೆನೋವು ಅಂತ ಬಂದವರಿಗೆ ಇಪ್ಪತ್ತೊಂದನೇ ಸಲ ನಿಜವಾಗಿಯೂ ಆಗಬಹುದು. ಅದಕ್ಕೇ ಪ್ಲಾನ್‌ನ ಮೊದಲ ಸಾಲಿನಲ್ಲೇ ಬರೆಯುತ್ತೇನೆ: ‘ಈ ಸಲದ ತೊಂದರೆ ಬೇರೆ ಥರ ಇದ್ದರೆ ಈ ಪುಟವನ್ನು ಪಕ್ಕಕ್ಕಿಡಿ.’ ರೋಗಿ ‘ಇದು ಯಾವಾಗಲೂ ಬರುವ ಥರದ್ದಲ್ಲ’ ಅಂದರೆ ಆ ಮಾತಿಗೆ ಬೆಲೆ ಕೊಡಿ. ತಮ್ಮ ನೋವನ್ನು ಅವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ.

ಒಬ್ಬ ನರ್ಸ್ ಎಷ್ಟು ಜನರನ್ನ ನೋಡ್ಕೋಬಹುದು?

ಹೊಸಬರ ಸಂಖ್ಯೆಯನ್ನು ಮೊದಲು ಮಿತಿ ಮಾಡಿ, ಒಟ್ಟು ಸಂಖ್ಯೆ ಆಮೇಲಿನದು. ಮೊದಲ ಕೆಲವು ವಾರ ಒಬ್ಬೊಬ್ಬರಿಗೂ ವಾರಕ್ಕೆ ಎರಡು ಮೂರು ಸಲ ಸಮಯ ಕೊಡಬೇಕಾಗುತ್ತದೆ. ಆಮೇಲೆ ಫೋನ್‌ನಲ್ಲಿ ನಡೆಯುತ್ತದೆ. ಒಂದೇ ವಾರ ಐದು ಹೊಸಬರನ್ನು ತಗೊಂಡರೆ ಐವರಿಗೂ ಅರ್ಧಂಬರ್ಧ ಆಗುತ್ತದೆ.

ಬೇರೆ ಬೇರೆ ಆಸ್ಪತ್ರೆಗೆ ಹೋಗ್ತಾರೆ, ನಮಗೆ ಗೊತ್ತೇ ಆಗಲ್ಲ. ಏನು ಮಾಡೋದು?

ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ನಮ್ಮ ಲೆಕ್ಕ ಅರ್ಧ ಕುರುಡು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2012ರಲ್ಲಿ ಶುರುವಾದ ಪ್ರಯತ್ನದಲ್ಲಿ ಆಸ್ಪತ್ರೆಗಳು ತುರ್ತು ಭೇಟಿಗಳ ಮಾಹಿತಿಯನ್ನು ಪರಸ್ಪರ ನೋಡುವಂತೆ ಮಾಡಿದರು, ಪದೇ ಪದೇ ಬರುವವರ ಕೇರ್ ಪ್ಲಾನ್ ಕೂಡ ಅದರ ಭಾಗವಾಗಿತ್ತು. ಅಂಥದ್ದು ಇಲ್ಲದ ಕಡೆ ಸುಲಭದ ದಾರಿ, ಪ್ಲಾನ್‌ನ ಒಂದು ಪ್ರತಿಯನ್ನು ರೋಗಿಯ ಕೈಯಲ್ಲೇ ಕೊಡುವುದು.

## ಸ್ವಲ್ಪ ಆಳಕ್ಕೆ ಹೋದವರಿಗೆ

ಇದು ನಿಜವಾಗ್ಲೂ ಕೆಲಸ ಮಾಡುತ್ತೆ ಅನ್ನೋದಕ್ಕೆ ಸಾಕ್ಷ್ಯ ಇದೆಯಾ?

ಇದೆ, ಆದರೆ ಎಲ್ಲವೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಆಸ್ಪತ್ರೆಯಲ್ಲಿ 252 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತುರ್ತು ಭೇಟಿ ಕಡಿಮೆಯಾಯಿತು, ಮನೆಯಿಲ್ಲದಿರುವಿಕೆ ಮತ್ತು ಕುಡಿತದ ತೊಂದರೆಗಳೂ ಕಡಿಮೆಯಾದವು. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ನರ್ಸ್‌ಗಳೇ ಮುಖ್ಯವಾಗಿದ್ದ ತಂಡ 250 ಜನರ ಪ್ರಯೋಗದಲ್ಲಿ ಕೆಲಸ ಮಾಡಿತು. 2017ರಲ್ಲಿ ಬಂದ ಫಲಿತಾಂಶದಲ್ಲಿ ಭೇಟಿಗಳು ಶೇ. 19ರಷ್ಟು ಕಡಿಮೆ ಕಂಡವು, ಆದರೆ ಆ ವ್ಯತ್ಯಾಸ ಆಕಸ್ಮಿಕವಲ್ಲ ಅಂತ ಗಟ್ಟಿಯಾಗಿ ಹೇಳುವಷ್ಟು ಸಂಖ್ಯಾಶಾಸ್ತ್ರದ ಬಲ ಅದಕ್ಕೆ ಸಿಗಲಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಕುಟುಂಬ ವೈದ್ಯರ ಕ್ಲಿನಿಕ್‌ಗಳ ನರ್ಸ್‌ಗಳು ಕೇಸ್ ಮ್ಯಾನೇಜರ್ ಆಗಿದ್ದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ರೋಗಿಗಳ ಮನಸ್ಸಿನ ಸಂಕಟ ಕಡಿಮೆಯಾಯಿತು. ತಮ್ಮ ಕಾಯಿಲೆಯನ್ನು ತಾವೇ ನೋಡಿಕೊಳ್ಳುವುದರಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ.

ಇಷ್ಟನ್ನೂ ಓದಿ ನಾನು ತಿಳಿದುಕೊಂಡಿರುವುದು: ಭೇಟಿಗಳ ಸಂಖ್ಯೆ ಇಳಿಯುವ ಸಾಧ್ಯತೆ ಚೆನ್ನಾಗಿದೆ, ಎಷ್ಟು ಅನ್ನುವುದು ಯಾರನ್ನು ಆರಿಸಿದಿರಿ ಅನ್ನುವುದರ ಮೇಲೆ ನಿಂತಿದೆ.

ಕಾರ್ಯಕ್ರಮ ಶುರುವಾದ ಮೇಲೆ ನಮ್ಮಲ್ಲಿ ಭೇಟಿ ಅರ್ಧಕ್ಕೆ ಇಳೀತು! ಇದನ್ನ ಎಲ್ಲರಿಗೂ ಹೇಳ್ಬಹುದಾ?

ಸ್ವಲ್ಪ ತಾಳಿ. ನೀವು ಆರಿಸಿದ್ದು ಅತಿ ಕೆಟ್ಟ ವರ್ಷ ಕಂಡವರನ್ನು. ಅಂಥ ವರ್ಷದ ನಂತರ, ನೀವು ಏನೂ ಮಾಡದಿದ್ದರೂ ಹಲವರ ಭೇಟಿ ತಾನಾಗಿಯೇ ಇಳಿಯುತ್ತದೆ. ತೀರಾ ಮೇಲೆ ಹೋದದ್ದು ಸರಾಸರಿ ಕಡೆಗೆ ವಾಪಸ್ ಬರುವ ಗುಣ ಇದು. ಅಮೆರಿಕದ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಇದನ್ನು ಎಲ್ಲರೂ ಕಣ್ಣಾರೆ ಕಂಡರು. ಡಾ. ಜೆಫ್ರಿ ಬ್ರೆನರ್ ಕಟ್ಟಿದ ಸಂಸ್ಥೆ ಆಸ್ಪತ್ರೆಗೆ ಪದೇ ಪದೇ ದಾಖಲಾಗುವವರಿಗಾಗಿ ನರ್ಸ್, ಸಮಾಜ ಕಾರ್ಯಕರ್ತರ ತಂಡ ಕಳಿಸುತ್ತಿತ್ತು, ದೇಶದಲ್ಲೆಲ್ಲ ಹೆಸರಾಗಿತ್ತು. ಅವರೇ ಧೈರ್ಯ ಮಾಡಿ 800 ಜನರ ಪ್ರಯೋಗಕ್ಕೆ ಒಪ್ಪಿದರು. 2020ರಲ್ಲಿ ಬಂದ ಫಲಿತಾಂಶ: 180 ದಿನಗಳಲ್ಲಿ ಮತ್ತೆ ದಾಖಲಾದವರು ತಂಡದ ನೆರವು ಪಡೆದವರಲ್ಲಿ ಶೇ. 62.3, ಪಡೆಯದವರಲ್ಲಿ ಶೇ. 61.7. ಎರಡೂ ಗುಂಪಿನಲ್ಲಿ ಇಳಿದಿತ್ತು, ಸಮಸಮವಾಗಿ.

ಹಾಗಂತ ಕೆಲಸ ವ್ಯರ್ಥ ಅಂತ ನಾನು ಓದುವುದಿಲ್ಲ. ತಂಡ ಎಷ್ಟು ಒಳ್ಳೆಯದಾದರೂ ಮನೆಯೇ ಇಲ್ಲದವರಿಗೆ ಮನೆ, ಚಟ ಬಿಡಿಸುವ ಕೇಂದ್ರದಲ್ಲಿ ಜಾಗ, ಇವು ಊರಲ್ಲಿ ಇಲ್ಲದಿದ್ದರೆ ನರ್ಸ್ ಎಲ್ಲಿಗೆ ಕರೆದುಕೊಂಡು ಹೋಗಬೇಕು? ನಿಮ್ಮ ಕಾರ್ಯಕ್ರಮವನ್ನು ಅಳೆಯಬೇಕು ಅಂದರೆ, ಅಷ್ಟೇ ಸಲ ಬರುತ್ತಿದ್ದು ಇನ್ನೂ ಸೇರಿಸಿಕೊಳ್ಳದವರ ಜೊತೆ ಹೋಲಿಸಿ. ಹೇಗೂ ಎಲ್ಲರನ್ನೂ ಒಮ್ಮೆಲೇ ಸೇರಿಸಿಕೊಳ್ಳಲಾಗದು ಅಲ್ವಾ, ಕಾಯುವವರ ಪಟ್ಟಿಯೇ ಹೋಲಿಕೆಗೆ ಸಿಗುತ್ತದೆ.

ದುಡ್ಡು ಉಳಿಯುತ್ತಾ? ಆಡಳಿತದವರು ಕೇಳೋದು ಇದೊಂದೇ.

ಸ್ಯಾನ್ ಫ್ರಾನ್ಸಿಸ್ಕೋದ ಅದೇ ಪ್ರಯೋಗದಲ್ಲಿ ಕೇಸ್ ಮ್ಯಾನೇಜ್‌ಮೆಂಟ್‌ಗೆ ಮಾಮೂಲಿ ಆರೈಕೆಗಿಂತ ಜಾಸ್ತಿ ಖರ್ಚಾಗಲಿಲ್ಲ. ಅಷ್ಟನ್ನು ಧೈರ್ಯವಾಗಿ ಹೇಳಿ. ರಾಶಿ ಹಣ ಉಳಿಸುತ್ತೇವೆ ಅಂತ ಮಾತು ಕೊಡಬೇಡಿ. ಇಷ್ಟು ದಿನ ಆರೈಕೆ ಸಿಗದಿದ್ದವರಿಗೆ ಸಿಕ್ಕಾಗ ಕ್ಲಿನಿಕ್ ಭೇಟಿ, ಔಷಧಿ ಖರ್ಚು ಮೊದಲು ಏರುತ್ತದೆ, ಅದು ಏರಬೇಕಾದದ್ದೇ.

ಕೇಸ್ ಮುಚ್ಚೋದು ಯಾವಾಗ? ಬಿಟ್ರೆ ಮತ್ತೆ ಶುರುವಾಗುತ್ತೆ ಅಂತ ಭಯ.

ಮುಚ್ಚುವುದನ್ನು ಒಂದೇ ದಿನ ಮಾಡಬೇಡಿ. ವಾರಕ್ಕೊಮ್ಮೆ ಇದ್ದ ಫೋನ್ ಎರಡು ವಾರಕ್ಕೆ, ಆಮೇಲೆ ತಿಂಗಳಿಗೆ. ಆ ಹೊತ್ತಿಗೆ ಅವರ ಕ್ಲಿನಿಕ್‌ನಲ್ಲಿ ಒಬ್ಬರ ಮುಖ, ಒಬ್ಬರ ಹೆಸರು ಅವರಿಗೆ ಚೆನ್ನಾಗಿ ಗೊತ್ತಿರಬೇಕು, ಮೊದಲ ಸಲ ಅಲ್ಲಿಗೆ ನೀವೇ ಜೊತೆಯಲ್ಲಿ ಹೋಗಿರಬೇಕು. ನಾನು ನೋಡುವ ಗುರುತು ಸಣ್ಣದು. ತೊಂದರೆ ಬಂದಾಗ ನನಗಿಂತ ಮೊದಲು ಆ ಕ್ಲಿನಿಕ್‌ಗೆ ಫೋನ್ ಮಾಡಿ, ಆಮೇಲೆ ನನಗೆ ‘ಸುಮ್ನೆ ತಿಳಿಸೋಣ ಅಂತ ಮಾಡಿದೆ ಸಿಸ್ಟರ್’ ಅಂದರೆ, ಮುಚ್ಚಬಹುದು ಅಂತ ಬರೆದುಕೊಳ್ಳುತ್ತೇನೆ. ನಂಬರ್ ಮಾತ್ರ ಅವರ ಹತ್ತಿರವೇ ಇರಲಿ ಅನ್ನುತ್ತೇನೆ. ಮತ್ತೆ ಬೇಕಾದರೆ ಹೊಸ ಅರ್ಜಿ, ಹೊಸ ಸಾಲು ಏನೂ ಇಲ್ಲ, ಹಳೇ ಪುಟವನ್ನೇ ತೆಗೆದು ಮುಂದುವರಿಸುತ್ತೇವೆ.